ಎಣ್ಣಿ ಬಂದ್

ಬ್ಯಾಡಗಿಯ ನಮ್ಮ ಮನಿಯಾಗ ಒಗ್ಗರಣಿ ನಿಂತು ಆರು ವಾರ ಆಗಿತ್ತು. ನನ್ನ ತಮ್ಮ ಚನ್ನೇಶ ಮೆಣಸಿನಕಾಯಿ ಪ್ಯಾಟ್ಯಾಗ ಹಮಾಲಿ ಮಾಡಾವ. ಅವನ ಕಣ್ಣು ಹಳದಿ ಆದಾಗ ಅವ್ವ ಹಾವೇರಿಗೆ ಕರಕೊಂಡು ಹೋಗಿದ್ಲು. "ಲಿವರ್ ಕೆಟ್ಟೈತಂತ. ಎಣ್ಣಿ ಪೂರಾ ಬಂದ್ ಮಾಡಸ್ರಿ ಅಂದಾರ ಡಾಕ್ಟರು" ಅಂತ ಬಂದಾಕಿನ ಎಣ್ಣಿ ಡಬ್ಬಿ ಅಟ್ಟಕ್ಕೇರಿಸಿದ್ಲು. ಮೂವರೂ ಒಣಾ ರೊಟ್ಟಿ, ಸಪ್ಪನ ಬ್ಯಾಳಿ ತಿಂದ್ವಿ. ಏನುಪಯೋಗ? ಅವನ ಹೊಟ್ಟಿ ಉಬ್ಬಾಕ ಹತ್ತಿತು, ಆದ್ರೂ ಪ್ಯಾಟಿಗೆ ಹೋಗೂದು ಬಿಡಲಿಲ್ಲ.

ನಾ ರಾಣೆಬೆನ್ನೂರಾಗ ಒಂದು ಕಾಲೇಜಿನ ಲ್ಯಾಬಿನ್ಯಾಗ ಸೀಸಾ ತೊಳಿಯಾಕಿ. ಅಲ್ಲಿ ಕೊಟ್ರಪ್ಪ ಸರ್ ತುಳಸಿ ಎಲಿ ಭಟ್ಟಿ ಇಳಿಸಿ ಎಣ್ಣಿ ತಗೀತಾರ. ಅದನ್ನ ಮೊದಲ ಕುಡಿಸಿದ ಇಲಿಗೆ ಆಮ್ಯಾಲೆ ವಿಷಾ ಕೊಟ್ರೂ ಲಿವರ್ ಅಷ್ಟು ಕೆಡಲಿಲ್ಲ ಅಂತ ಹುಡುಗರಿಗೆ ಹೇಳಾಕತ್ತಿದ್ರು. ಮನುಷ್ಯಾರಿಗೆ ಕೊಡಬಹುದೇನ್ರಿ ಅಂದೆ. "ಹುಚ್ಚೇನ ಮಹೇಶ್ವರಿ? ಇನ್ನೂ ಇಲಿ ದಾಟಿಲ್ಲ ಇದು" ಅಂದ್ರು. ಇಲಿ ಉಳೀಬೇಕು, ನನ್ನ ತಮ್ಮ ಸಾಯಬೇಕೇನು? ಕದ್ದೆ. ಹೌದ, ಕದ್ದೆ! ಒಂದು ಸಣ್ಣ ಸೀಸಾ ಸೆರಗಿನ್ಯಾಗ ಕಟಗೊಂಡು ಬಂದೆ.

"ಎಣ್ಣಿ ಬ್ಯಾಡಂದ್ರ ಎಣ್ಣಿನ ತಂದೀಯಲ್ಲ, ಖೋಡಿ!" ಅಂತ ಅವ್ವ ಬಾಗಲಕ್ಕ ಅಡ್ಡ ನಿಂತ್ಲು. ಬೈದೆ, ಅತ್ತೆ, ಕಾಲಿಗೆ ಬಿದ್ದೆ. ಕಡೀಕ ಆಕೀನ ಸೋತು ದಿನಾ ಎರಡು ಹನಿ ಸಕ್ಕರಿ ಮ್ಯಾಲೆ ಹಾಕಿ ತಿನಿಸಿದ್ಲು. ಎಂಟನೇ ದಿನ ಅವ ರಕ್ತಾ ವಾಂತಿ ಮಾಡಿದ.

ಹಾವೇರಿಗೆ ಓಡಿದ್ವಿ. "ಎಣ್ಣಿ ಬಿಟ್ಟೇ ಇಲ್ಲ ಇವ!" ಅಂತ ಡಾಕ್ಟರು ರೇಗಿದ್ರು.

ನಾ ಮುಂದ ಹೋಗಿ ಕೈ ಮುಗದೆ. "ನಂದ ತಪ್ಪರಿ. ತುಳಸಿ ಎಣ್ಣಿ ಕೊಟ್ಟೇನಿ."

"ಅಡಗೀಗಂತೂ ಒಂದು ಹನಿ ಹಾಕಿಲ್ಲರಿ" ಅಂದ್ಲು ಅವ್ವ.

ಡಾಕ್ಟರು ಹಣಿ ಹಣಿ ಬಡಕೊಂಡ್ರು. "ಯಾರನ್ನೂ ಕೇಳದ ಅದನ್ನೂ ಕೊಡಬಾರದಿತ್ತವಾ. ಆದ್ರ ನಾ ಬಂದ್ ಮಾಡಸ್ರಿ ಅಂದಿದ್ದು ಬಾಟ್ಲಿ ಎಣ್ಣಿ. ದಾರೂ! ನಿನ್ನೆ ಸುದ್ದಾ ಕುಡದಾನ."

ದಿನಾ ಮೆಣಸಿನಕಾಯಿ ಘಾಟು ಮೈತುಂಬ ಹೊತ್ತು ಬರಾವನ ಬಾಯಾಗ ಮತ್ತೊಂದು ವಾಸನಿ ನಮಗೆಲ್ಲಿಂದ ಬಡೀಬೇಕು? ಸಿಟ್ಟು ನೆತ್ತಿಗೇರಿ ಅವನ ಮಂಚದ ಕಡೆ ಹೋದೆ. "ಅವತ್ತ ತಿಳದಿತ್ತಲ್ಲೋ ನಿನಗ, ಯಾವ ಎಣ್ಣಿ ಅಂತ?"

ಹೌದಂತ ತಲಿ ಅಲ್ಲಾಡಿಸಿದ.

"ಮತ್ಯಾಕ ಬಾಯಿ ಬಿಡಲಿಲ್ಲ?"

"ಅವ್ವ ಬಾಜೂಕ ನಿಂತಿದ್ಲಲ್ಲಕ್ಕ. ನಾ ಕುಡೀತೇನಿ ಅಂತ ಆಕೀ ಮುಂದ ಹೆಂಗ ಹೇಳ್ಲಿ?"

ಅವ್ವ ನನ್ನ ಹಿಂದ ಬಂದು ನಿಂತಿದ್ದು ನನಗೂ ಗೊತ್ತಿರಲಿಲ್ಲ. ಮುಂದ ಬಂದು ಸೆರಗಿಲೆ ಅವನ ಬಾಯಿ ಒರಿಸಿದ್ಲು.

"ಹೇಳಿದ್ರ ಬಡೀತಿದ್ದೆ ಮಗನ. ಸಾಯಾಕ ಬಿಡ್ತಿದ್ದೆನೇನೋ?"