ಕಂಪ್ಲಿ ಹೊಳೆಯ ಚಿಪ್ಪುಗಳು

ಹೊಸಪೇಟೆಯ ಆ ಮನೆಯಲ್ಲಿ ಜೀವವಿಜ್ಞಾನದ ಸಂಶೋಧಕಿ ಮೇಧಾಳಿಗೆ ಇಬ್ಬರು ಶತ್ರುಗಳು. ಅತ್ತೆ ರಾಧಾಬಾಯಿಯದು ಬಾಯಿ ತುಂಬ ಬೈಯುವ ಹಗೆ. ಮಡಿ ಮನೆಯ ಹಿತ್ತಿಲಲ್ಲಿ ಸೊಸೆ ಎರಡು ತೊಟ್ಟಿ ಇಟ್ಟು ಚಿಪ್ಪಿನ ಹುಳ ಸಾಕಿದರೆ ಯಾವ ಅತ್ತೆ ಸುಮ್ಮನಿರುತ್ತಾಳೆ? ಗಂಡ ಅಚ್ಯುತನದು ನಗುನಗುತ್ತಲೇ ಚುಚ್ಚುವ ಹಗೆ. ಅವನು ಸಂಡೂರಿನ ಗಣಿಯೊಂದರಲ್ಲಿ ಕೆಮಿಸ್ಟ್.

ನೀರಿಗೆ ಲೋಹ ಬೆರೆತರೆ ಚಿಪ್ಪಿನ ಹುಳ ಅದನ್ನು ಹಿಡಿದಿಡಲು ಮೈಯೊಳಗೆ ಒಂದು ಪ್ರೋಟೀನನ್ನು ಹೆಚ್ಚಿಸಿಕೊಳ್ಳುತ್ತದೆ. ಅಚ್ಯುತನ ಗಣಿಯ ಕೆಂಪು ನೀರು ಇಳಿಯುವ ಹಳ್ಳದ ಚಿಪ್ಪು ಒಂದು ತೊಟ್ಟಿಯಲ್ಲಿ, ಹೋಲಿಸಿ ನೋಡಲು ಕಂಪ್ಲಿ ಹೊಳೆಯ ಚಿಪ್ಪು ಇನ್ನೊಂದರಲ್ಲಿ. ವ್ಯತ್ಯಾಸ ಕಂಡರೆ, ಗಣಿಯ ಮೇಲೆ ಬರಲಿರುವ ವಿಚಾರಣೆಯಲ್ಲಿ ಹಳ್ಳದ ನೀರು ಕುಡಿಯುವ ಜನರ ಪರವಾಗಿ ಒಂದಾದರೂ ಸಾಕ್ಷಿ ನಿಲ್ಲುತ್ತಿತ್ತು.

“ಹುಳ ಕೊಯ್ದು ಗಣಿ ಮುಚ್ಚಸ್ತೀಯೇನ? ಎಲ್ಲಾ ಬೊಗಳೆ,” ಎನ್ನುತ್ತಿದ್ದ ಅಚ್ಯುತ.

ಪ್ರಯೋಗಾಲಯದಿಂದ ಫಲಿತಾಂಶ ಬಂತು. ಎರಡೂ ತೊಟ್ಟಿಯ ಚಿಪ್ಪಿನಲ್ಲಿ ಪ್ರೋಟೀನು ಒಂದೇ ಸಮ! ಅಚ್ಯುತ ತೂಗುಮಂಚದ ಮೇಲೆ ಆರಾಮಾಗಿ ಕಾಲು ಚಾಚಿದ.

“ಹೊಳಿ ನೀರೂ ಹಂಗ, ಹಳ್ಳದ ನೀರೂ ಹಂಗ. ನಮ್ಮ ಗಣೀದೇನ ತಪ್ಪು?”

ಒಳಗಿನಿಂದ ರಾಧಾಬಾಯಿ ಹಾರಿಬಂದರು. “ಇನ್ನರ ಆ ಹೊಲಸು ಎತ್ತಿ ಒಗಿ! ನನ್ನ ಮಗನಿಗೂ ಹುಚ್ಚ ಹಿಡಿಸೀದಿ. ದಿನಾ ಮುಂಜಾನೆ ದೇವರ ತಾಮ್ರದ ಕೊಡದಾಗ ಹುಣಸಿಹಣ್ಣು ಕಿವುಚಿ, ಆ ನೀರು ನಿನ್ನ ಹುಳಕ್ಕ ಸುರೀತಾನ. ಕೊಡ ಮೈಲಿಗಿ ಆತು!”

“ಯಾವ ತೊಟ್ಟಿಗೆ, ಅತ್ಯಾ?”

“ಬಾಗಲ ಕಡೀದಕ್ಕ.”

ಕಂಪ್ಲಿಯ ಚಿಪ್ಪು ಇದ್ದದ್ದು ಅದರಲ್ಲೇ. ಹುಳಿ ತಾಗಿದರೆ ತಾಮ್ರ ನೀರಿಗಿಳಿಯುತ್ತದೆಂದು ಕೆಮಿಸ್ಟನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

“ಅಮ್ಮಾ, ನೀ ಒಳಗ ನಡಿ,” ಎಂದು ಅಚ್ಯುತ ಎದ್ದು ನಿಂತ.

ಮೇಧಾ ಅವನೆದುರು ಬಂದು ನಿಂತಳು. “ಬೊಗಳೆ ಅಂತಿದ್ರಿ. ನಂಬಿಕಿ ಇಲ್ಲದ ಪರೀಕ್ಷೆ ಕೆಡಸ್ಲಿಕ್ಕೆ ಯಾರು ಇಷ್ಟು ಕಷ್ಟ ಪಡ್ತಾರ? ಚಲೋ ನೀರಿನ ಚಿಪ್ಪಿಗೆ ಲೋಹ ಬಿದ್ರ ಪ್ರೋಟೀನ್ ಏರತದ ಅಂತ ನನಗಿಂತ ಚಂದ ನೀವ ತೋರಿಸಿಕೊಟ್ರಿ. ವರದಿಯೊಳಗ ಅದೂ ಬರೀತೀನಿ. ಯಾರು ಮಾಡಿದ್ದು ಅಂತನೂ.”

“ನನ್ನ ನೌಕರಿ ಹೋಗ್ತದ, ಮೇಧಾ! ಗಂಡ ಅನ್ನೋ ಪ್ರೀತಿ ಒಂದೀಟು ಇಲ್ಲೇನು?”

“ಅದ. ಅದಕ್ಕ ಹೊಟ್ಟಿ ಇಷ್ಟು ಉರೀತದ. ಬ್ಯಾರೆ ಯಾರರ ಮಾಡಿದ್ರ ಬೈದು ಸುಮ್ಮನಾಗ್ತಿದ್ದೆ.”

ಅವಳು ಬಕೆಟ್ಟು ತೆಗೆದುಕೊಂಡು, ಹೊಸ ಚಿಪ್ಪು ತರಲು ಕಂಪ್ಲಿಯ ಬಸ್ಸಿಗೆ ಹೊರಟಳು. ಅಚ್ಯುತ ಬಾಗಿಲವರೆಗೆ ಬಂದ. ಅವಳು ತಿರುಗಿ ನೋಡಲಿಲ್ಲ.