ಬರೆದು ಕೊಡಿ ಎಂದ ಶೇಖಪ್ಪ

ಶೇಖಪ್ಪನ ಕೈಗೆ ಯಾವ ಕಾಗದ ಕೊಟ್ಟರೂ ಅವನು ಮೊದಲು ಓದುವುದಿಲ್ಲ, ಮುಟ್ಟುತ್ತಾನೆ. ಮದುವೆಯ ಆಮಂತ್ರಣವಿರಲಿ, ಕರೆಂಟು ಬಿಲ್ಲಿರಲಿ, ದಾಂಡೇಲಿ ಬಸ್‌ಸ್ಟ್ಯಾಂಡಿನ ಗಾಡಿಯವನು ಮಿರ್ಚಿ ಭಜಿ ಸುತ್ತಿಕೊಟ್ಟ ಎಣ್ಣೆ ಹತ್ತಿದ ಹಾಳೆಯೇ ಇರಲಿ, ಅದರ ಮೂಲೆಯನ್ನು ಎರಡು ಬೆರಳ ನಡುವೆ ಹಿಡಿದು, ಕಣ್ಣು ಅರೆಮುಚ್ಚಿ, ಮೆಲ್ಲಗೆ ಒಮ್ಮೆ ಉಜ್ಜಿ, ಅದರ ದಪ್ಪವೆಷ್ಟು, ವಯಸ್ಸೆಷ್ಟು, ಮಳೆಗಾಲದ ತಂಡಿಯನ್ನು ಎಷ್ಟು ಕುಡಿದಿದೆ ಎಂಬುದನ್ನೆಲ್ಲ ಮನಸ್ಸಿನಲ್ಲಿ ತೀರ್ಮಾನಿಸಿಕೊಂಡ ಮೇಲೆಯೇ ಅಕ್ಷರಗಳ ಕಡೆಗೆ ಹೊರಳುವುದು ಅವನ ಕ್ರಮ. ಊರಿಗೆ ಊರೇ ಕಾಗದದ ಮೇಲೆ ಬದುಕುವ ದಾಂಡೇಲಿಯಲ್ಲೂ ಇಂಥ ಬೆರಳುಗಳು ಅಪರೂಪ. ಭಜಿ ಗಾಡಿಯವನು ಇದನ್ನು ನೋಡಿ, "ಮೊದಲ ಭಜಿ ತಿನ್ನೋ ಮಾರಾಯಾ, ಆರತಾವು" ಎಂದು ದಿನಾ ಬೈಯುತ್ತಿದ್ದ.

ಏಪ್ರಿಲ್ ತಿಂಗಳ ಬಿಸಿಲಿನಲ್ಲೂ ಶೇಖಪ್ಪ ಕಾರ್ಖಾನೆಯ ಖಾಕಿ ಕೋಟನ್ನು ಕತ್ತಿನ ಗುಂಡಿಯವರೆಗೂ ಹಾಕಿಕೊಂಡೇ ತಿರುಗುತ್ತಾನೆ. ನಡೆಯುವಾಗ ಎಡಭುಜ ತುಸು ಇಳಿದಿರುತ್ತದೆ. ಪೇಟೆಯಿಂದ ಬರುವ ದೊಡ್ಡ ಕಾಗದದ ಸುರುಳಿಗಳನ್ನು ಹಾಳೆಗಳಾಗಿ ಕತ್ತರಿಸಿ ಕಟ್ಟು ಕಟ್ಟುವ ಒಂದು ಸಣ್ಣ ಖಾಸಗಿ ಕಾರ್ಖಾನೆಯಲ್ಲಿ, ಹಾಳೆಗಳನ್ನು ಆರಿಸಿ ಕಟ್ಟುಗಳನ್ನು ಹೊತ್ತು ಹತ್ತೊಂಬತ್ತು ವರ್ಷ ದುಡಿದ ಭುಜ ಅದು. ಮಾತು ಕಡಿಮೆ. ಆದರೆ ಒಂದು ಮಾತನ್ನು ಮಾತ್ರ ಅವನು ಯಾರ ಮುಖ ನೋಡಿಯೂ ನುಂಗುತ್ತಿರಲಿಲ್ಲ: "ಬರದ ಕೊಡ್ರಿ." ರಜೆ ಮಂಜೂರಾಯಿತು ಎಂದರೆ ಬರದ ಕೊಡ್ರಿ, ಪಾಳಿ ಬದಲಾಯಿತು ಎಂದರೆ ಬರದ ಕೊಡ್ರಿ. ಅವನ ಈ ಹಟಕ್ಕೆ ಬೇಸತ್ತ ಮ್ಯಾನೇಜರ್ ಸುಭಾಸ ಒಮ್ಮೆ, "ಚಾ ಕುಡಿ ಅಂದ್ರೂ ಬರದ ಕೊಡಬೇಕೇನೋ?" ಎಂದು ಎಲ್ಲರೆದುರು ನಗೆಯಾಡಿದ್ದುಂಟು. ಶೇಖಪ್ಪನೂ ಜೊತೆಗೆ ನಕ್ಕಿದ್ದ.

ಈ ಹಟಕ್ಕೊಂದು ಮೂಲವಿತ್ತು. ಇಪ್ಪತ್ತೈದರ ಹರೆಯದಲ್ಲಿ ಕೆಲಸಕ್ಕೆ ಸೇರಿದ ದಿನ ಗುಮಾಸ್ತನು ಅವನ ಮುಂದೆ ಒಂದು ಖಾಲಿ ಹಾಳೆಯನ್ನಿಟ್ಟು, ಕೆಳಗೆ ಸಹಿ ಹಾಕು ಎಂದಿದ್ದ. ಆ ಕಾರ್ಖಾನೆಯಲ್ಲಿ ಹೊಸದಾಗಿ ಬಂದವರೆಲ್ಲ ಹಾಕುತ್ತಿದ್ದರು. ಗಂಧದ ಕಡ್ಡಿ ಹಚ್ಚಿ ಕೆಲಸ ಸುರು ಮಾಡುವಷ್ಟೇ ಸಹಜವಾದ ರೂಢಿ ಅದು. ಶೇಖಪ್ಪನೂ ಹಾಕಿದ. ಮಧ್ಯಾಹ್ನ ಬುತ್ತಿ ಬಿಚ್ಚುವಾಗ ಹಿರಿಯ ಕೆಲಸಗಾರ ನಾಗಲಿಂಗಪ್ಪ, "ಅದು ನಿನ್ನ ರಾಜೀನಾಮೆ ತಮ್ಮಾ. ಮ್ಯಾಲಿನ ಅಕ್ಷರ ಅವರಿಗೆ ಬೇಕಾದಾಗ ಬರಕೋತಾರ" ಎಂದು ತಣ್ಣಗೆ ಹೇಳಿದಾಗ ಅವನ ಕೈಯಲ್ಲಿದ್ದ ರೊಟ್ಟಿ ಕೈಯಲ್ಲೇ ಉಳಿಯಿತು. ಅಂದಿನಿಂದ ಓದದೆ ಸಹಿ ಹಾಕಲಿಲ್ಲ, ಬರೆಯಿಸಿಕೊಳ್ಳದೆ ಒಂದು ಮಾತನ್ನೂ ನಂಬಲಿಲ್ಲ. ಆ ಖಾಲಿ ಹಾಳೆ ಮಾತ್ರ ಕಚೇರಿಯ ಕಪಾಟಿನಲ್ಲಿ, ಉಳಿದವರ ಹಾಳೆಗಳೊಡನೆ, ಟಾಚಣಿ ಎನ್ನುವ ಗುಂಡುಸೂಜಿಯೊಂದರ ಬಂಧನದಲ್ಲಿ ಉಳಿದುಕೊಂಡಿತು.

ಅಂಬೇವಾಡಿಯ ಎರಡು ಕೋಣೆಯ ಮನೆಯಲ್ಲಿ ಶೇಖಪ್ಪನೊಡನೆ ಜ್ಯೋತಿಬಾ ಇರುತ್ತಾನೆ. ಹಳಿಯಾಳದ ಕಡೆಯವನು, ಆಟೋ ಓಡಿಸುತ್ತಾನೆ, ಬಾಯಿ ತುಂಬ ಮಾತು. ಹನ್ನೊಂದು ವರ್ಷಗಳಿಂದ ಇಬ್ಬರೂ ಒಂದೇ ಒಲೆಯ ಅನ್ನ ಉಂಡವರು. ಒಬ್ಬನಿಗೆ ಕಾಮಾಲೆಯಾದಾಗ ಇನ್ನೊಬ್ಬ ತಿಂಗಳುಗಟ್ಟಲೆ ಗಂಜಿ ಕಾಸಿ ಕುಡಿಸಿದವರು. ಸಂಜೆ ಕೂಡಿ ಸಂತೆಗೆ ಹೋಗಿ ಬದನೆಕಾಯಿಗೆ ಜಗಳಾಡುವವರು. ಇದು ಏನೆಂಬುದು ಓಣಿಗೆ ಗೊತ್ತಿತ್ತು, ಕಾರ್ಖಾನೆಗೆ ಗೊತ್ತಿತ್ತು, ಸುಭಾಸನಿಗಂತೂ ಚೆನ್ನಾಗಿ ಗೊತ್ತಿತ್ತು. ಆಯುಧಪೂಜೆಯ ದಿನ ಜ್ಯೋತಿಬಾನ ಆಟೋ ಕಾರ್ಖಾನೆಯ ಅಂಗಳದಲ್ಲೇ ಹಾರ ಹಾಕಿಸಿಕೊಂಡು ನಿಲ್ಲುತ್ತಿತ್ತು. ಅವನು ಎಲ್ಲರ ಪಂಕ್ತಿಯಲ್ಲಿ ಕೂತು ಹೋಳಿಗೆ ಉಣ್ಣುತ್ತಿದ್ದ. ನಮ್ಮ ಊರು ಬಹಳ ಉದಾರವಾದ ಊರು ಎಂದು ನಾವೆಲ್ಲ ನಂಬಿಕೊಂಡಿದ್ದ ಕಾಲವದು. ಆ ಔದಾರ್ಯಕ್ಕೆ ಒಂದೇ ಒಂದು ಷರತ್ತಿತ್ತು, ಯಾರೂ ಅದರ ಹೆಸರು ಹೇಳಬಾರದು ಎಂಬುದು; ಆ ಷರತ್ತನ್ನು ಶೇಖಪ್ಪನಿಗೆ ಯಾರೂ ಬರೆದು ಕೊಟ್ಟಿರಲಿಲ್ಲ.

೨೦೨೩ರ ಬೇಸಿಗೆಯಲ್ಲಿ ಕಾರ್ಖಾನೆಯವರು ಕೆಲಸಗಾರರಿಗೆ ಅಪಘಾತ ವಿಮೆ ಮಾಡಿಸಲು ಒಂದು ಫಾರಂ ಹಂಚಿದರು. ವಾರಸುದಾರರ ಹೆಸರು ಎಂಬಲ್ಲಿ ಶೇಖಪ್ಪ ಜ್ಯೋತಿಬಾ ಎಂದು ಬರೆದ. ಸಂಬಂಧ ಎಂಬ ಕಾಲಮ್ಮಿನ ಮುಂದೆ ಬಹಳ ಹೊತ್ತು ಕೂತ. ಪಕ್ಕದವರು ಕೊಟ್ಟ ಸಲಹೆಗಳು ಒಂದೆರಡಲ್ಲ: ತಮ್ಮ ಅಂತ ಬರಿ, ಗೆಳೆಯ ಅಂತ ಬರಿ, ಸುಮ್ಮನೆ ಒಂದು ಗೆರೆ ಎಳಿ. ಕಾಗದದ ಮೇಲೆ ಸುಳ್ಳು ಬರೆಯುವುದು ಅವನ ಕೈಗೆ ಬರದ ವಿದ್ಯೆ. ಹಾಳೆಯ ಮೂಲೆಯನ್ನು ಎಂದಿನಂತೆ ಉಜ್ಜಿ, ದುಂಡಗಿನ ಅಕ್ಷರಗಳಲ್ಲಿ "ಬಾಳಸಂಗಾತಿ" ಎಂದು ಬರೆದು, ಓದಿ, ಸಹಿ ಹಾಕಿ ಕೊಟ್ಟುಬಿಟ್ಟ.

ಮೂರನೆಯ ದಿನ ಸುಭಾಸ ಕರೆಸಿದ. "ನಾಳಿಂದ ಬರಬ್ಯಾಡ."

"ಯಾಕ್ರಿ ಸಾಹೇಬ್ರ?"

"ಯಾಕ ಅಂತ ನಿನಗ ಗೊತ್ತೈತಿ."

"ಗೊತ್ತಿದ್ರೂ ಬರದ ಕೊಡ್ರಿ."

ಬರೆದು ಕೊಡಲಿಲ್ಲ. ಹನ್ನೊಂದು ವರ್ಷ ಹೆಸರಿಲ್ಲದೆ ನಡೆದದ್ದನ್ನು ಒಂದು ಪದದಲ್ಲಿ ಬರೆದ ತಪ್ಪಿಗೆ, ಹತ್ತೊಂಬತ್ತು ವರ್ಷದ ನೌಕರಿಯನ್ನು ಬಾಯಿಮಾತಿನಲ್ಲೇ ಕಿತ್ತುಕೊಂಡರು. ಇದನ್ನು ನೆನೆದಾಗಲೆಲ್ಲ ಈಗಲೂ ನನ್ನ ಮೈ ಉರಿಯುತ್ತದೆ.

ಮರುದಿನ ಬೆಳಗಿನ ಏಳರ ಪಾಳಿಗೆ ಶೇಖಪ್ಪ ಕೋಟು ಹಾಕಿಕೊಂಡು ಗೇಟಿಗೆ ಹೋದ. ಆ ಕಾರ್ಖಾನೆಯಲ್ಲಿ ಪ್ರತಿ ಕೆಲಸಗಾರನಿಗೂ ನಂಬರು ಕೆತ್ತಿದ ಒಂದು ಹಿತ್ತಾಳೆ ಬಿಲ್ಲೆ. ಗೇಟಿನ ಹಲಗೆಯಿಂದ ಅದನ್ನು ತೆಗೆದುಕೊಂಡು ಒಳಹೊಕ್ಕರೆ ಹಾಜರಿ. ಅವನ ನಂಬರಿನ ನಲವತ್ತೊಂದನೆಯ ಮೊಳೆ ಬರಿದಾಗಿತ್ತು. "ನನ್ನ ಬಿಲ್ಲೆ ಕೊಡ್ರಿ" ಎಂದ. ಕಾವಲುಗಾರ ಅಡಿವೆಯ್ಯ ನೆಲ ನೋಡುತ್ತ, "ಶೇಖಪ್ಪಾ, ನನ್ನ ಹೊಟ್ಟಿ ಮ್ಯಾಲೆ ಕಲ್ಲು ಹಾಕಬ್ಯಾಡೋ" ಎಂದ. "ಕೊಡೂದಿಲ್ಲ ಅಂತ ಬರದ ಕೊಡು, ಹೋಗ್ತೇನಿ." ಹೀಗೆ ಇಪ್ಪತ್ತಾರು ದಿನ. ಜೊತೆಗಾರರು ಅವನ ಪಕ್ಕದಿಂದ ಸರಿದು ಒಳಗೆ ಹೋಗುತ್ತಿದ್ದರು. ಅವನ ಬುತ್ತಿಯ ಶೇಂಗಾ ಚಟ್ನಿಗೆ ವರ್ಷಗಟ್ಟಲೆ ಕೈಯೊಡ್ಡಿದವರು ಸಹ ಮೊಬೈಲು ನೋಡುತ್ತ ದಾಟಿದರು. ಯಾರೂ ಅವನನ್ನು ಬೈಯಲಿಲ್ಲ ಎನ್ನುವುದನ್ನೇ ನಾವು ದೊಡ್ಡ ಉಪಕಾರದಂತೆ ಆಮೇಲೆ ಹೇಳಿಕೊಂಡೆವು.

ಜ್ಯೋತಿಬಾನೇ ಅವನನ್ನು ಆಟೋದಲ್ಲಿ ಕೂರಿಸಿಕೊಂಡು ನ್ಯಾಯಾಲಯದ ಆವರಣದ ಕಾನೂನು ಸೇವಾ ಸಮಿತಿಗೆ ಕರೆದೊಯ್ದ. ಕೆಲಸಗಾರನಾದವನಿಗೆ ಅಲ್ಲಿ ವಕೀಲರ ನೆರವು ಉಚಿತ. ಸಿಕ್ಕವಳು ಪೂರ್ಣಿಮಾ ಎಂಬ ಮುಂಡಗೋಡದ ಹುಡುಗಿ, ವಕೀಲಿಕೆಗೆ ಹೊಸಬಳು. ಸವಿಮಾತಿನಲ್ಲಿ ಕಹಿಯನ್ನು ಮುಚ್ಚುವ ಅಭ್ಯಾಸ ಅವಳಿಗಿನ್ನೂ ಬಂದಿರಲಿಲ್ಲ.

"ನೋಡ್ರಿ ಶೇಖಪ್ಪನವರ, ನೀವು ಇಬ್ಬರೂ ಕೂಡಿ ಇರೂದು ಗುನ್ನೆ ಅಲ್ಲ ಅಂತ ಸುಪ್ರೀಂ ಕೋರ್ಟು ೨೦೧೮ರಾಗ ಹೇಳೇತಿ. ನಿಮ್ಮದು ಸರಕಾರಿ ನೌಕರಿ ಆಗಿದ್ರ ಸಮಾನತೆಯ ಹಕ್ಕು ಹಿಡಕೊಂಡು ಸೀದಾ ಹೈಕೋರ್ಟಿಗೆ ಹೋಗಬಹುದಿತ್ತು. ಖಾಸಗಿ ಮಾಲಕನ ಮ್ಯಾಲೆ ಅದು ಹಂಗ ನಡಿಯೂದಿಲ್ಲ. ಟ್ರಾನ್ಸ್‌ಜೆಂಡರ್ ಮಂದಿಗೆ ಬ್ಯಾರೆ ಕಾಯ್ದೆ ಐತಿ, ಖಾಸಗಿಯವರಿಗೂ ಲಾಗೂ ಐತಿ. ಅದರಾಗ ನೀವು ಬರೂದಿಲ್ಲ."

"ಹಂಗಾದ್ರ ನಾ ಯಾವುದರಾಗೂ ಬರೂದಿಲ್ಲೇನ್ರಿ ಮೇಡಂ?"

"ಕೆಲಸಗಾರ ಅಂತ ಬರ್ತೀರಿ. ನೋಟಿಸ ಇಲ್ಲ, ವಿಚಾರಣಿ ಇಲ್ಲ, ಬಾಯಿಲೆ ತಗದಾರ. ಅದನ್ನ ಹಿಡಿಯೂಣು. ಮೊದಲ ಕಾರ್ಮಿಕ ಅಧಿಕಾರಿ ಮುಂದ ರಾಜಿ ಸಂಧಾನ, ಅಲ್ಲಿ ಆಗಲಿಲ್ಲಂದ್ರ ಹುಬ್ಬಳ್ಳಿ ಲೇಬರ್ ಕೋರ್ಟು. ಆದ್ರ ನಿಮ್ಮನ್ನ ಯಾಕ ತಗದ್ರು ಅನ್ನೂದು ಅಲ್ಲಿ ಮಾತಿಗೇ ಬರದ ಹೋಗಬಹುದು, ಹೇಳಿರ್ತೇನಿ."

ಶೇಖಪ್ಪನಿಗೆ ನಾಟಿದ್ದು ಈ ಕೊನೆಯ ಮಾತು. ಒಬ್ಬ ಮನುಷ್ಯನನ್ನು ಅವನ ಪ್ರೀತಿಯ ಕಾರಣಕ್ಕೆ ಬೀದಿಗೆ ದಬ್ಬಬಹುದು; ಅವನು ನ್ಯಾಯ ಕೇಳಬೇಕಾದರೆ ಮಾತ್ರ ಆ ಕಾರಣವನ್ನು ಬಿಟ್ಟು, ನೋಟಿಸು ಕೊಡಲಿಲ್ಲ ಎಂಬ ಹಿತ್ತಲ ಬಾಗಿಲಿನಿಂದ ಒಳಬರಬೇಕು. ಎಪ್ಪತ್ತು ವರ್ಷಗಳಿಂದ ಕಾಯಿದೆಯ ಮೇಲೆ ಕಾಯಿದೆ ಬರೆದವರಿಗೆ ಈ ಒಂದು ಸಾಲಿಗೆ ಮಾತ್ರ ಮಸಿ ಸಾಲದೆ ಹೋಯಿತು. ಅವನಿಗೆ ನೌಕರಿ ಬೇಕಿತ್ತು, ಬಹಳ ಬೇಕಿತ್ತು. ಕಾರಣವೂ ಅಷ್ಟೇ ಬೇಕಿತ್ತು. ಎರಡರಲ್ಲಿ ಒಂದನ್ನು ಬಿಡಬೇಕಾಗಿ ಬರಬಹುದೆಂದು ಅವನು ಆ ದಿನವೇ ಅರಿತ.

ಸಂಧಾನದ ದಿನ ದಾಂಡೇಲಿಗೆ ಬಂದು ಕೂತ ಕಾರ್ಮಿಕ ಅಧಿಕಾರಿಯ ಮುಂದೆ ಸುಭಾಸ ನಿಶ್ಚಿಂತೆಯಿಂದ ಒಂದು ಕಾಗದವನ್ನು ಸರಿಸಿದ. "ನಾವ್ಯಾಕ ತಗೀಲಿರಿ? ಹೋದ ತಿಂಗಳ ತಾನಾಗಿ ರಾಜೀನಾಮೆ ಕೊಟ್ಟಾನ." ಸ್ವಂತ ಇಚ್ಛೆಯಿಂದ ಕೆಲಸ ಬಿಡುತ್ತಿರುವುದಾಗಿ ಟೈಪು ಮಾಡಿದ ನಾಲ್ಕು ಸಾಲು, ಹೋದ ತಿಂಗಳ ತಾರೀಖು, ಕೆಳಗೆ ಶೇಖಪ್ಪನ ಸಹಿ. ಪೂರ್ಣಿಮಾಳ ಮುಖ ಸಪ್ಪಗಾಯಿತು. ಶೇಖಪ್ಪ ಆ ಹಾಳೆಯನ್ನು ಕೇಳಿ ಪಡೆದ. ಓದಲಿಲ್ಲ, ಎಂದಿನಂತೆ ಮೊದಲು ಮೂಲೆ ಹಿಡಿದು ಉಜ್ಜಿದ. ಹತ್ತೊಂಬತ್ತು ವರ್ಷ ಅವನನ್ನು ಕಾಯುತ್ತಿದ್ದ ಹಾಳೆಯನ್ನು ಬೆರಳು ಗುರುತಿಸಿತು.

"ಸಹಿ ನಂದ ಐತ್ರಿ ಸಾಹೇಬ್ರ" ಎಂದ ಅಧಿಕಾರಿಗೆ. "ಆದ್ರ ಈ ಹಾಳಿ ಮುದುಕೈತಿ. ಅಂಚು ನೋಡ್ರಿ, ಹಳದಿ ತಿರಗೇತಿ. ಇಲ್ಲಿ ಎಡಕ್ಕ ಟಾಚಣಿ ಇದ್ದ ಜಾಗಾ ನೋಡ್ರಿ. ಹೋದ ತಿಂಗಳ ಕೊಟ್ಟ ರಾಜೀನಾಮೆಗೆ ಇಷ್ಟು ತುಕ್ಕು ಎಲ್ಲಿಂದ ಬಂತ್ರಿ?"

ಅಧಿಕಾರಿ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದರು. ಮೂಲೆಯಲ್ಲಿ ತುಕ್ಕಿನ ಎರಡು ಕಂದು ಚುಕ್ಕೆಗಳು ಸ್ಪಷ್ಟವಾಗಿ ಕಂಡವು. ಆ ಜಾಗದಲ್ಲಿ ಕಾಗದವೇ ತಿಂದುಹೋಗಿತ್ತು. ಕಾಗದವನ್ನೇ ಮಾರಿ ಬದುಕುವ ಮ್ಯಾನೇಜರನು, ಕಪಾಟಿನಲ್ಲಿ ಇಟ್ಟ ಕಾಗದಕ್ಕೂ ವಯಸ್ಸಾಗುತ್ತದೆ ಎಂಬುದನ್ನು ಮರೆತುಬಿಟ್ಟಿದ್ದ. ಅಧಿಕಾರಿ ಅವನತ್ತ ನೋಡಿದ ನೋಟಕ್ಕೆ ಸುಭಾಸ ಫೋನು ಹಿಡಿದು ಹೊರಗೆ ಹೋಗಿ ಬಂದು ದನಿ ಬದಲಿಸಿದ. "ಆತು, ನಾಳಿಂದ ಬರಲಿ. ತಪ್ಪು ತಿಳಿವಳಿಕಿಯಿಂದ ಆತು ಅಂತ ಬರದು ಮುಗಸ್ರಿ. ಆ ಫಾರಂ ಮಾತ್ರ ತಿದ್ದಿ ಕೊಡಲಿ."

ಇವತ್ತು ಸಹಿ ಹಾಕಿದರೆ ನಾಳೆ ಬಿಲ್ಲೆ. ಹಾಕದಿದ್ದರೆ ಹುಬ್ಬಳ್ಳಿಯ ಕೋರ್ಟು, ವರ್ಷಗಟ್ಟಲೆ. ಪೂರ್ಣಿಮಾ ಇದನ್ನು ಅವನ ಕಿವಿಯಲ್ಲಿ ಹೇಳಿ, "ನಿಮ್ಮ ಮರ್ಜಿ" ಎಂದಳು. ಶೇಖಪ್ಪ ಎದ್ದು ಹೊರಗೆ ಬಂದ. ಬೇವಿನ ಮರದ ನೆರಳಲ್ಲಿ ಆಟೋದ ಗಾಜು ಒರೆಸುತ್ತಿದ್ದ ಜ್ಯೋತಿಬಾ ಎಲ್ಲವನ್ನೂ ಕೇಳಿಸಿಕೊಂಡ. ಕಾರಣ ದಾಖಲೆಗೆ ಹೋದರೆ ಅವನ ಹೆಸರೂ ಹೋಗುತ್ತದೆ. ಆಟೋ ಸ್ಟ್ಯಾಂಡಿನಲ್ಲಿ ನಾಳೆ ಅವನ ಪಾಳಿಗೆ ಏನಾಗುವುದೋ ಹೇಳುವಂತಿರಲಿಲ್ಲ. ಒರೆಸುವ ಅರಿವೆಯನ್ನು ಹಿಂಡಿ ಕೊಡವಿ ಅವನು ಹೇಳಿದ: "ನನ್ನ ಹೆಸರ ಬರದಿ ಅಂತ ನಿನ್ನ ಹೊರಗ ಹಾಕಿದ್ರು. ಈಗ ಅದನ್ನ ಅಳಿಸಿ ಒಳಗ ಹೋಗ್ತಿ ಏನು?"

ಶೇಖಪ್ಪ ಮರಳಿ ಬಂದು ಕೋಟಿನ ಮೇಲಿನ ಗುಂಡಿಯನ್ನು ಮುಟ್ಟಿ ನೋಡಿಕೊಂಡು ಕೂತ. "ಕೆಲಸ ಕೊಡ್ರಿ, ಬರ್ತೇನಿ. ಫಾರಂ ತಿದ್ದೂದಿಲ್ಲ. ಯಾಕ ತಗದಿದ್ರಿ ಅನ್ನೂದನ್ನ ಬರದ ಕೊಡ್ರಿ."

ಆಗ ಸುಭಾಸನ ತಾಳ್ಮೆ ಹರಿಯಿತು. ಮೇಜು ಗುದ್ದಿ, ಕಚೇರಿಯ ಪೇದೆಯೂ ಇಣುಕುವಂತೆ ಕೂಗಿದ: "ಗಂಡಸಿನ ಜೋಡಿ ಸಂಸಾರ ಮಾಡೂವವನ್ನ ನಾವು ಕೆಲಸಕ್ಕ ಇಟ್ಕೋಬೇಕೇನ್ರಿ? ಅದಕ್ಕ ತಗದೇವಿ! ಏನ ಮಾಡ್ತಾನ ಮಾಡ್ಲಿ!"

ಶೇಖಪ್ಪನ ದನಿ ಮಾತ್ರ ಏರಲಿಲ್ಲ. "ಸಾಹೇಬ್ರ, ಇದನ್ನ ಬರಕೊಳ್ರಿ."

ಅಧಿಕಾರಿಯ ಪೆನ್ನು ಒಂದು ಗಳಿಗೆ ತಡೆಯಿತು. ಆಮೇಲೆ ಬರೆದರು, ಆಡಳಿತದ ಪ್ರತಿನಿಧಿ ಹೀಗೆ ಹೇಳಿದರೆಂದು, ಆಡಿದ ಮಾತಿನಲ್ಲೇ. ಸಂಧಾನ ಮುರಿದುಬಿತ್ತು ಎಂದೂ ಬರೆದು ಹಾಳೆಯನ್ನು ಸುಭಾಸನತ್ತ ತಿರುಗಿಸಿದರು. ಅವನಿಗೆ ಹೊರಟುಬಿಡುವ ಆತುರ; ಇನ್ನೊಬ್ಬರಿಂದ ಓದಿಸದೆ ಸಹಿ ಹಾಕಿಸಿಯೇ ತಲೆ ನರೆತವನು, ತಾನೂ ಓದದೆ ಗೀಚಿ ಎದ್ದುಹೋದ. ಶೇಖಪ್ಪ ಮಾತ್ರ ಆ ಹಾಳೆಯನ್ನು ಮುಟ್ಟಿದ, ಓದಿದ, ಮತ್ತೊಮ್ಮೆ ಓದಿದ. ಎರಡನೆಯ ಸಲ ಓದುವಾಗ ಅವನ ಕಣ್ಣುಗಳು ಒದ್ದೆಯಾಗಿದ್ದವು ಎಂದು ಪೂರ್ಣಿಮಾ ಹೇಳುತ್ತಾಳೆ. ಆಮೇಲೆ ಸಹಿ ಹಾಕಿದ.

ಆ ಹಾಳೆ ಈಗ ಹುಬ್ಬಳ್ಳಿಯ ಕಡತದಲ್ಲಿದೆ. ಶೇಖಪ್ಪ ಹಳಿಯಾಳದ ಒಂದು ಛಾಪಖಾನೆಯಲ್ಲಿ ಕಾಗದ ಆರಿಸುತ್ತಾನೆ. ತಾರೀಖು ಬಿದ್ದ ದಿನ ಅದೇ ಖಾಕಿ ಕೋಟಿನಲ್ಲಿ ಬೆಳಗಿನ ಬಸ್ಸು ಹಿಡಿಯುತ್ತಾನೆ. ಜ್ಯೋತಿಬಾನನ್ನು ಸ್ಟ್ಯಾಂಡಿನವರು ಒಂದು ತಿಂಗಳು ಪಾಳಿಯ ಕೊನೆಗೆ ನಿಲ್ಲಿಸಿ, ಆಮೇಲೆ ತಾವೇ ನಾಚಿಕೊಂಡು ಅದನ್ನು ಬಿಟ್ಟರು. ಇನ್ನೂ ಕೋರ್ಟಿನ ತೀರ್ಪು ಬಂದಿಲ್ಲ. ಗೇಟಿನ ನಲವತ್ತೊಂದನೆಯ ಮೊಳೆಗೆ ಹೊಸ ಬಿಲ್ಲೆಯನ್ನು ತೂಗುಹಾಕಿಲ್ಲ ಎಂದು ಅಡಿವೆಯ್ಯ ಗುಟ್ಟಾಗಿ ಹೇಳಿಕಳಿಸಿದ್ದಾನೆ.

ಇಂಥವರನ್ನು ಊರು ಹಟಮಾರಿಗಳೆಂದು ಕರೆಯುತ್ತದೆ. ಸ್ವಲ್ಪ ಬಾಗಿದ್ದರೆ ಏನಾಗುತ್ತಿತ್ತು ಎಂದು ಚಹದ ಅಂಗಡಿಯಲ್ಲಿ ಕೂತು ಮರುಗುತ್ತದೆ. ಆ ಮರುಕವನ್ನು ಕೇಳಿದರೆ ನನಗೆ ಸುಭಾಸನ ಮೇಲಿಗಿಂತ ನಮ್ಮ ಮೇಲೆಯೇ ಹೆಚ್ಚು ಸಿಟ್ಟು ಬರುತ್ತದೆ. ಸುಭಾಸ ಒಂದು ದಿನವಾದರೂ ತನ್ನ ಮನಸ್ಸಿನಲ್ಲಿದ್ದುದನ್ನು ಕೂಗಿ ಹೇಳಿದ. ನಾವು ಹೋಳಿಗೆಯ ಪಂಕ್ತಿಯಲ್ಲಿ ಜೊತೆಗೆ ಕೂತು, ಗೇಟಿನಲ್ಲಿ ಮೊಬೈಲು ನೋಡುತ್ತ ದಾಟಿದವರು. ಬರೆದು ಕೊಡಿ ಎನ್ನುವ ಮನುಷ್ಯ ಎಲ್ಲ ಕಾಲದಲ್ಲೂ ಒಬ್ಬಂಟಿಯಾಗಿಯೇ ನಿಲ್ಲುತ್ತಾನೆ. ಅವನು ಕೇಳುವುದು ಮಾಲಿಕನೊಬ್ಬನ ಸಹಿಯನ್ನಲ್ಲ, ಇಡೀ ಊರಿನದನ್ನು, ಮತ್ತು ಅದನ್ನು ನಾವು ಇನ್ನೂ ಹಾಕಿಲ್ಲ.