ಇಳಿಯದ ಬೆಲೆ

ಊರಿನ ಮನೆ ದಲ್ಲಾಳಿಗಳ ಸಂಘದಲ್ಲಿ ಅವನದು ಗುಮಾಸ್ತಿಕೆ. ತಿಂಗಳಿಗೆ ಎಷ್ಟು ಮನೆ ಮಾರಾಟವಾದವು, ಬೆಲೆ ಏರಿತೋ ಇಳಿಯಿತೋ, ಮುಂದೇನಾದೀತು ಎಂದು ಪಟ್ಟಿ ಬರೆಯುವುದು. ಮಹಾ ಲೆಕ್ಕಗಾರನೇ. ಆದರೆ ಅಕ್ಕನ ಮನೆಯ ಕಡೆ ಹೋಗಲು ಈಗೀಗ ಕಾಲೇ ಬರುತ್ತಿರಲಿಲ್ಲ.

ಕಳೆದ ವರ್ಷ ಒಂದು ತಿಂಗಳು ಮಾರಾಟ ದಿಢೀರನೆ ಹೆಚ್ಚಿ, ಸರಾಸರಿ ಬೆಲೆ ಮಾತ್ರ ಧೊಪ್ಪನೆ ಬಿದ್ದಿತ್ತು. ಜನ ಗಾಬರಿಯಿಂದ ಮಾರುತ್ತಿದ್ದಾರೆ, ಬೆಲೆ ಇನ್ನೂ ಕುಸಿಯುತ್ತದೆ ಎಂದು ಬರೆದ. ಬರೆದು ತೆಪ್ಪಗಿದ್ದರಾಗುತ್ತಿತ್ತು. ಅಕ್ಕನಿಗೂ ಹೇಳಿದ: "ಈಗ ಮಾರ್ಬಿಡು. ವರ್ಷ ಬಿಟ್ಟು ಅದೇ ದುಡ್ಡಿಗೆ ಇದಕ್ಕಿಂತ ದೊಡ್ಡದೇ ಸಿಗುತ್ತೆ." ತಮ್ಮನ ಮಾತೆಂದರೆ ಅವಳಿಗೆ ವೇದವಾಕ್ಯ. ಹದಿನೈದೇ ದಿನದಲ್ಲಿ ಮಾರಿ, ಎರಡು ಕೋಣೆಯ ಬಾಡಿಗೆ ಮನೆಗೆ ಬಂದಳು.

ಮರುತಿಂಗಳು ಗೊತ್ತಾಯಿತು. ಆ ತಿಂಗಳ ನಲವತ್ತು ಮಾರಾಟಗಳಲ್ಲಿ ಹದಿನಾಲ್ಕು ಮಾರಾಟವೇ ಅಲ್ಲ. ಒಬ್ಬ ಮುದುಕ ತನ್ನ ಕಟ್ಟಡದ ಮನೆಗಳನ್ನೆಲ್ಲ ಮಕ್ಕಳು ಮೊಮ್ಮಕ್ಕಳಿಗೆ ಹೆಸರಿಗೊಂದು ಬೆಲೆ ಹಾಕಿ ಬರೆದುಕೊಟ್ಟಿದ್ದ. ಕೊಟ್ಟವನದೂ ಕೊಂಡವರದೂ ಒಂದೇ ಮನೆತನದ ಹೆಸರು, ಕಣ್ಣಿಗೆ ರಾಚುವಂತಿತ್ತು. ಇವನು ನೋಡಿರಲಿಲ್ಲ. ಹೊಸ ಪಟ್ಟಿಯ ಅಡಿಯಲ್ಲಿ ಇರುವೆಯಂಥ ಅಕ್ಷರದಲ್ಲಿ ತಿದ್ದುಪಡಿ ಹಾಕಿ ಕೈತೊಳೆದುಕೊಂಡ. ಅಕ್ಕ ಪಟ್ಟಿ ಓದುವವಳಲ್ಲ.

ಹೋದಾಗಲೆಲ್ಲ ಅವಳದು ಒಂದೇ ಪ್ರಶ್ನೆ. "ಇಳೀತೇನೋ?"

"ಇನ್ನೇನು, ಇಳಿಯುತ್ತೆ."

ಬೆಲೆ ಏರುತ್ತಲೇ ಇತ್ತು. ಅವಳ ಕೈಲಿದ್ದ ಹಣಕ್ಕೆ ಈಗ ಅವಳದೇ ಹಳೆಯ ಮನೆಯ ಮುಕ್ಕಾಲು ಪಾಲೂ ಬರುತ್ತಿರಲಿಲ್ಲ. ಸುಳ್ಳು ಹೇಳಿ ಹೇಳಿ ಅವನಿಗೆ ತನ್ನ ದನಿಯೇ ಹೇಸಿಗೆಯಾಗಿತ್ತು.

ಈ ಭಾನುವಾರ ಊಟಕ್ಕೆ ಬಡಿಸುತ್ತಾ ಅಕ್ಕ, "ಅರ್ಧ ಪಾತ್ರೆ ಇನ್ನೂ ಪೆಟ್ಟಿಗೇಲೇ ಇದೆ. ಹೇಗೂ ಹೊಸ ಮನೇಲಿ ಬಿಚ್ಚೋದೇ ಅಲ್ವಾ?" ಎಂದು ನಕ್ಕಳು. ಅವನು ಎತ್ತಿದ ತುತ್ತನ್ನು ತಟ್ಟೆಗೇ ಹಾಕಿದ.

"ಇಳಿಯಲ್ಲ ಅಕ್ಕ. ನಾನೇ ಲೆಕ್ಕ ತಪ್ಪಿದ್ದು. ನಂಗೆ ವರ್ಷದಿಂದ ಗೊತ್ತು."

ಬೈಗುಳಕ್ಕೆ ತಲೆಯೊಡ್ಡಿ ಕೂತ. ಅಕ್ಕ ಬೈಯಲಿಲ್ಲ. ಚಾವಣಿಯತ್ತ ನೋಡಿದಳು. ಮೇಲಿನ ಮನೆಯಲ್ಲಿ ಯಾರೋ ಕುರ್ಚಿ ಎಳೆದರು.

"ಮೇಲಿರೋಳು ನಮ್ಮ ಹಳೇ ಮನೆ ಪಕ್ಕದವಳು ಕಣೋ. ನನ್ನ ತಮ್ಮನ ಲೆಕ್ಕ ತಪ್ಪಲ್ಲ ಅಂತ ಅವಳ ಮನೇನೂ ನಾನೇ ಮಾರಿಸ್ದೆ. ದಿನಾ ಬಂದು ಕೇಳ್ತಾಳೆ."

ಅವನಿಗೆ ಭೂಮಿ ಬಾಯಿಬಿಡಬಾರದೇ ಎನಿಸಿತು. ಅಕ್ಕ ಎದ್ದು ಬಾಗಿಲು ತೆಗೆದಳು.

"ಕೈ ತೊಳ್ಕೊಂಡು ಬಾ. ಮಾತಾಡೋದು ನೀನು. ನಾನು ನಿನ್ನ ಹಿಂದೆ ನಿಂತಿರ್ತೀನಿ, ನಂಗೆ ಅವಳ ಮುಖ ನೋಡೋಕಾಗಲ್ಲ."